ಚಾಕೊಲೇಟ್ ಸಿಸ್ಟ್ ಹೊತ್ತು ಇಂಗ್ಲೆಂಡಿಗೆ ಹೊರಟ ತಂಗಿಗೆ

ಅಕ್ಕ ಎಂದು ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಎಂದೇ ಬರೆಯುತ್ತೇನೆ. ನಿನ್ನ ಗಂಡನಿಗೆ ರೆಡಿಂಗ್‌ನಲ್ಲಿ ಕೆಲಸ ಸಿಕ್ಕಿದೆ, ಮೂರು ತಿಂಗಳಲ್ಲಿ ದಾವಣಗೆರೆಯಿಂದ ಹೊರಡುತ್ತೀರಿ. ನಿನಗೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ; ಎಡ ಅಂಡಾಶಯದಲ್ಲಿ ನಾಲ್ಕು ಸೆಂಟಿಮೀಟರಿನ ಚಾಕೊಲೇಟ್ ಸಿಸ್ಟ್, ಅಂದರೆ ಅದರಿಂದಾದ ಹಳೆಯ ರಕ್ತ ತುಂಬಿದ ಗಂಟು. ಹೊರಡುವ ಮೊದಲೇ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಆಪರೇಷನ್, ಮಾಡಿಸಿಬಿಡು ಎಂದು ಡಾಕ್ಟರು. ಒಂದು ಮಗುವಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ಅತ್ತೆ. ಅಲ್ಲಿ ಎಲ್ಲವೂ ಉಚಿತವಂತೆ, ಹೋದ ಮೇಲೆ ನೋಡೋಣ ಎಂದು ಗಂಡ. ಯಾರ ಮಾತು ಕೇಳಲಿ ಎಂದು ಕೇಳಿದ್ದೀಯ.

ನಾನು ಡಾಕ್ಟರಲ್ಲ, ಕಚೇರಿಯಲ್ಲಿ ಲೆಕ್ಕ ಬರೆಯುವವಳು. 2011ರಿಂದ ಇಲ್ಲಿ ಇಂಗ್ಲೆಂಡಿನಲ್ಲಿದ್ದೇನೆ, ಇದೇ ಕಾಯಿಲೆಯ ಜೊತೆಗೆ. ಗೊತ್ತಿರುವುದನ್ನಷ್ಟೇ ಹೇಳುತ್ತೇನೆ.

ಮೊದಲು ನಿನ್ನ ಗಂಡನ 'ಉಚಿತ'. ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಸರ್‌ಚಾರ್ಜ್ ಎಂದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್ ಕಟ್ಟಬೇಕು, 2024ರ ಫೆಬ್ರವರಿಯಿಂದ ಇದೇ ದರ. ಮೂರು ವರ್ಷದ ವೀಸಾ ಆದರೆ ನಿನ್ನೊಬ್ಬಳದೇ ಮೂರು ಸಾವಿರ ದಾಟುತ್ತದೆ, ಅದೂ ಒಂದೇ ಸಲಕ್ಕೆ. ಕಟ್ಟಿದ ಮೇಲೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಡಾಕ್ಟರನ್ನು ಕಾಣಲು, ಸ್ಕ್ಯಾನಿಗೆ, ಶಸ್ತ್ರಚಿಕಿತ್ಸೆಗೆ ಹಣ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಚೀಟಿ ಬರೆಸಿಕೊಂಡ ಒಂದೊಂದು ಔಷಧಿಗೆ 9.90 ಪೌಂಡ್, ಗರ್ಭನಿರೋಧಕವೆಂದು ಕೊಡುವ ಮಾತ್ರೆಗಳಿಗೆ ಅದೂ ಇಲ್ಲ. ಹಣದ ವಿಷಯ ಇಷ್ಟೇ. ಇಲ್ಲಿ ನಿಜವಾಗಿ ತೆರಬೇಕಾದದ್ದು ಕಾಯುವ ಸಮಯ.

ಬೆಂಗಳೂರಿನಲ್ಲಿ ಬೆಳಿಗ್ಗೆ ಸ್ಕ್ಯಾನ್, ಸಂಜೆ ಸ್ತ್ರೀರೋಗ ತಜ್ಞೆ, ಮುಂದಿನ ವಾರ ಆಪರೇಷನ್. ಇಲ್ಲಿ ತಜ್ಞೆಯ ಬಾಗಿಲು ನೇರವಾಗಿ ತಟ್ಟುವ ಹಾಗಿಲ್ಲ. ಮೊದಲು ಮನೆ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ವೈದ್ಯರು. ಅಲ್ಲಿ ಹೆಸರು ನೋಂದಾಯಿಸಿ, ಎಷ್ಟೋ ಕಡೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಿ ಸಾಲಿನಲ್ಲಿ ಕಾಯಬೇಕು. ಅವರು ಬರೆದ ಪತ್ರ ಆಸ್ಪತ್ರೆಗೆ ಹೋಗಿ, ಆಸ್ಪತ್ರೆಯಿಂದ ದಿನಾಂಕ ಬರಲು ತಿಂಗಳುಗಳು. ಹದಿನೆಂಟು ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿಯೇನೋ ಇದೆ, ಸ್ತ್ರೀರೋಗ ವಿಭಾಗದಲ್ಲಿ ಅದನ್ನು ನಂಬಿಕೊಂಡು ಕೂರಬೇಡ. ಎಂಡೊಮೆಟ್ರಿಯೋಸಿಸ್ ಯುಕೆ ಎಂಬ ಸಂಸ್ಥೆ 2024ರಲ್ಲಿ ಹೇಳಿದ ಪ್ರಕಾರ, ಮೊದಲ ಸಲ ಡಾಕ್ಟರ ಬಳಿ ಹೋದ ದಿನದಿಂದ ಕಾಯಿಲೆಯ ಹೆಸರು ತಿಳಿಯುವವರೆಗೆ ಈ ದೇಶದಲ್ಲಿ ಸರಾಸರಿ 8 ವರ್ಷ 10 ತಿಂಗಳು. ನಿನ್ನ ಕಾಯಿಲೆಗೆ ಆಗಲೇ ಹೆಸರಿದೆ, ಕಾಗದದ ಮೇಲೆ ಅಳತೆಯೂ ಇದೆ. ನಾನು ಬಂದಾಗ ನನ್ನ ಬಳಿ ಅದೂ ಇರಲಿಲ್ಲ.

ಎರಡು ಸಲ ಜಿಪಿಯನ್ನು ಕಂಡೆ. ಒಮ್ಮೆ ಕರುಳಿನ ತೊಂದರೆ ಎಂದರು, ಇನ್ನೊಮ್ಮೆ ಮುಟ್ಟಿನ ನೋವು ಇರುವುದೇ ಹೀಗೆ ಎಂದರು. ತಪ್ಪು ಅವರದೊಂದೇ ಅಲ್ಲ. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ಕೇಳಿದಾಗ ನಾನು ಐದು ಎಂದಿದ್ದೆ. ಹತ್ತು ಎಂದರೆ ಹೆರಿಗೆ ನೋವಿರಬೇಕು, ಹೆರದ ನಾನು ಐದಕ್ಕಿಂತ ಹೆಚ್ಚು ಹೇಳಿದರೆ ಹೇಗೆ ಎಂಬ ಸಂಕೋಚ. ಆ ಐದರ ದಿನ ಬೆಳಿಗ್ಗೆ ನಾನು ಕಚೇರಿಯ ಶೌಚಾಲಯದ ನೆಲದ ಮೇಲೆ, ಕೆನ್ನೆಯನ್ನು ತಣ್ಣನೆಯ ಟೈಲಿಗೆ ಒತ್ತಿಕೊಂಡು ಅರ್ಧ ಗಂಟೆ ಮಲಗಿದ್ದೆ. ಅದನ್ನು ಡಾಕ್ಟರಿಗೆ ಹೇಳಲೇ ಇಲ್ಲ. ನಮ್ಮಜ್ಜಿ ಓಮದ ನೀರು ಕೊಟ್ಟು "ಹೆಣ್ಣಾದ ಮೇಲೆ ಇವೆಲ್ಲ ಇದ್ದದ್ದೇ" ಎನ್ನುತ್ತಿದ್ದರು. ಇಲ್ಲಿಯ ಡಾಕ್ಟರು ಹೇಳಿದ್ದೂ ಅದನ್ನೇ, ಓಮದ ನೀರು ಮಾತ್ರ ಇರಲಿಲ್ಲ.

ಮೂರನೆಯ ಸಲ ಒಬ್ಬ ನರ್ಸ್ ಬೇರೆ ತರಹ ಕೇಳಿದಳು. ನೋವು ಎಷ್ಟು ಎನ್ನಲಿಲ್ಲ, ಕಳೆದ ತಿಂಗಳು ಈ ನೋವಿನಿಂದ ಏನೇನು ಮಾಡಲಾಗಲಿಲ್ಲ ಎಂದಳು. ಎರಡು ದಿನ ರಜೆ, ಒಂದು ದಿನ ಬಸ್ಸಿನಿಂದ ಅರ್ಧ ದಾರಿಯಲ್ಲೇ ಇಳಿದದ್ದು, ಮಲವಿಸರ್ಜನೆಗೆ ಕೂತರೆ ಚೂರಿ ಹಾಕಿದ ಹಾಗಾಗುವುದು, ಗಂಡನ ಜೊತೆ ಮಲಗಲು ಹೆದರಿಕೆ. ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಅಂದೇ ತಜ್ಞರಿಗೆ ಪತ್ರ ಹೋಯಿತು. ನೀನು ಇವತ್ತಿನಿಂದಲೇ ಒಂದು ಡೈರಿ ಇಡು, ಹೀಗೇ ಬರೆ. 'ಸ್ವಲ್ಪ ನೋವು' ಎಂಬ ಎರಡು ಪದಗಳನ್ನು ದಾವಣಗೆರೆಯಲ್ಲೇ ಬಿಟ್ಟು ಬಾ. ಇಂಗ್ಲಿಷಿನಲ್ಲಿ ಹೇಳಲು ತಡವರಿಸುವ ಹಾಗಾದರೆ ದುಭಾಷಿ ಬೇಕೆಂದು ಮೊದಲೇ ಕೇಳು, ಅದಕ್ಕೆ ದುಡ್ಡಿಲ್ಲ. ಗಂಡನನ್ನು ದುಭಾಷಿ ಮಾಡಿಕೊಳ್ಳಬೇಡ. ಈ ಕಾಯಿಲೆಯ ಅರ್ಧ ಮಾತುಗಳು ಗಂಡನ ಎದುರು ಬಾಯಿಗೆ ಬರುವುದಿಲ್ಲ.

ನನ್ನ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಕಾಣದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಬಾರದು ಎಂದು ಯಾವ ಚಿಕಿತ್ಸೆ ಸರಿಯೆಂದು ಇಲ್ಲಿ ಸಲಹೆ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಗರ್ಭಕೋಶದ ಹಿಂದೆ, ಕರುಳಿನ ಪಕ್ಕದಲ್ಲಿ ಸಿಕ್ಕಿತು. ಕತ್ತರಿಸಿ ತೆಗೆದು, ಅದೇ ಸಮಯದಲ್ಲಿ ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ ಮಿರೇನಾ ಹಾಕಿದರು.

ಈಗ ನಿನ್ನ ಚಿಕಿತ್ಸೆ. ಯಾವ ದಾರಿ ಹಿಡಿಯಬೇಕೆನ್ನುವ ಮೊದಲು ನೀವಿಬ್ಬರೇ ಕೂತು ತೀರ್ಮಾನಿಸಬೇಕಾದದ್ದು ಒಂದಿದೆ: ಈಗ ಮಗು ಬೇಕೋ, ನೋವು ತಗ್ಗಬೇಕೋ. ಎರಡೂ ಬೇಕು ಎನ್ನುತ್ತೀಯ, ಗೊತ್ತು. ಆದರೆ ನೋವಿಗೆ ಕೊಡುವ ಹಾರ್ಮೋನುಗಳೆಲ್ಲ, ಅಂದರೆ ನೀನು ನುಂಗುತ್ತಿರುವ ಡೈನೋಜೆಸ್ಟ್, ಗರ್ಭನಿರೋಧಕ ಮಾತ್ರೆ, ಮಿರೇನಾ, ಮುಟ್ಟನ್ನೇ ನಿಲ್ಲಿಸುವ ಚುಚ್ಚುಮದ್ದು, ಇವು ಅಂಡಾಣುವಿನ ಬಿಡುಗಡೆಯನ್ನೋ ಗರ್ಭ ನಿಲ್ಲುವುದನ್ನೋ ತಡೆಯುವಂಥವೇ. ಮಗುವಿಗೆ ಪ್ರಯತ್ನಿಸುವವರಿಗೆ ಇವುಗಳಿಂದ ಪ್ರಯೋಜನವಿಲ್ಲ, ಹೋಗುವುದು ಸಮಯ. ಮಗು ಈಗ ಬೇಡವೆಂದಾದರೆ ಹಾರ್ಮೋನೇ ಸುಲಭದ ದಾರಿ. ಚುಚ್ಚುಮದ್ದಿನಿಂದ ಮೂಳೆ ಸವೆಯುತ್ತದೆ, ಹಾಗಾಗಿ ಜೊತೆಗೆ ಸ್ವಲ್ಪ ಈಸ್ಟ್ರೋಜನ್ ಕೊಡುತ್ತಾರೆ. ಮಾತ್ರೆ, ಆಪರೇಷನ್ ಎರಡರಲ್ಲಿ ಒಂದನ್ನಾದರೂ ನೋಡಿ ಆದವರಿಗಾಗಿ 2025ರಲ್ಲಿ ನೈಸ್ ರೆಲುಗೋಲಿಕ್ಸ್ ಇರುವ ದಿನಕ್ಕೊಂದರ ಮಾತ್ರೆಯನ್ನು ಒಪ್ಪಿತು, ಅದರಲ್ಲಿ ಆ ಈಸ್ಟ್ರೋಜನ್ ಸೇರಿಯೇ ಇದೆ.

ನಿನ್ನ ಅತ್ತೆಯ ಮಾತಿಗೆ ಬರುತ್ತೇನೆ. ಬಸುರಿನಲ್ಲಿ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ಆರಾಮ ಎನಿಸುತ್ತದೆ, ಅದು ಕಾಯಿಲೆಗೆ ಮದ್ದಲ್ಲ. ನನ್ನ ಮಗಳಿಗೆ ಒಂದು ವರ್ಷ ತುಂಬುವ ಹೊತ್ತಿಗೆ ನೋವು ಹಳೆಯ ಜಾಗಕ್ಕೇ ವಾಪಸ್ಸಾಗಿತ್ತು.

ಮಗು ಬೇಕು ಎಂದಾದರೆ ವೀಸಾದ ಒಂದು ವಿಷಯ ಚೆನ್ನಾಗಿ ಕೇಳಿಸಿಕೋ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸರ್‌ಚಾರ್ಜ್ ಕಟ್ಟಿ ಬಂದವರಿಗೆ ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ ಐವಿಎಫ್‌ನಂಥ (ಪ್ರನಾಳ ಶಿಶು) ಚಿಕಿತ್ಸೆ ಉಚಿತವಲ್ಲ. 2017ರ ಆಗಸ್ಟಿನಿಂದ ಈ ನಿಯಮವಿದೆ, ಕಾಯಂ ವಾಸದ ಪರವಾನಗಿ ಸಿಗುವವರೆಗೆ ಸಾಮಾನ್ಯವಾಗಿ ಬಾಗಿಲು ಮುಚ್ಚಿರುತ್ತದೆ. ತಾನಾಗಿ ಬಸುರಾದರೆ ಹೆರಿಗೆಯ ಖರ್ಚು ಸರ್‌ಚಾರ್ಜಿನಲ್ಲೇ ಬರುತ್ತದೆ. ಅಂಡಾಶಯದ ಎಂಡೊಮೆಟ್ರಿಯೋಸಿಸ್ ಇರುವ ನಿನಗೆ ಮುಂದೆ ಐವಿಎಫ್ ಬೇಕಾಗಲೂಬಹುದು. ಹಾಗಾದರೆ ಇಲ್ಲಿ ಖಾಸಗಿಯಾಗಿ ಮಾಡಿಸಬೇಕು, ಇಲ್ಲವೇ ಊರಿಗೆ ಬರಬೇಕು.

ಹಾಗಾದರೆ ಆಪರೇಷನ್ ಅಲ್ಲೇ ಮುಗಿಸಿ ಬರಲೇ? ನನ್ನನ್ನು ಕೇಳಿದರೆ, ವಿಮಾನದ ದಿನಾಂಕ ಇಟ್ಟುಕೊಂಡು ಅಂಡಾಶಯಕ್ಕೆ ಚಾಕು ಹಾಕಿಸಿಕೊಳ್ಳಬೇಡ. ಚಾಕೊಲೇಟ್ ಸಿಸ್ಟಿನ ಸಿಪ್ಪೆ ಸುಲಿಯುವಾಗ ಜೊತೆಗೆ ಒಳ್ಳೆಯ ಅಂಡಾಣುಗಳೂ ಒಂದಿಷ್ಟು ಹೋಗುತ್ತವೆ, ಎರಡನೆಯ ಸಲ ಸುಲಿದರೆ ಇನ್ನಷ್ಟು. ತೆಗೆದರೂ ಮತ್ತೆ ಬರುವುದುಂಟು. ಅಂಡಾಶಯದಲ್ಲಿ ಅಂಡಾಣುಗಳು ಎಷ್ಟು ಉಳಿದಿವೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆಯನ್ನು ಈಗಲೇ ಮಾಡಿಸು. ಆ ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಇನ್ನೊಬ್ಬ ತಜ್ಞೆಯನ್ನು ಕಾಣು, ಆಪರೇಷನ್ ನೋವಿಗಾಗಿಯೋ ಮಗುವಿಗಾಗಿಯೋ ಎಂದು ನೇರವಾಗಿ ಕೇಳು. ಸಿಸ್ಟ್ ಭರಭರನೆ ಬೆಳೆಯುತ್ತಿದೆ, ಕ್ಯಾನ್ಸರಿನ ಅನುಮಾನಕ್ಕೆ ಎಡೆ ಇದೆ, ಮೂತ್ರನಾಳಕ್ಕೋ ಕರುಳಿಗೋ ಅಡ್ಡಿಯಾಗಿದೆ ಎಂದು ಅವರು ಹೇಳಿದರೆ ಮಾತು ಬೇರೆ. ಆಗ ಟಿಕೆಟ್ಟನ್ನು ಮುಂದೂಡಿ ಅಲ್ಲೇ ಮಾಡಿಸಿಕೋ, ಇಲ್ಲಿಯ ಸಾಲಿಗೆ ಬಂದು ನಿಲ್ಲಬೇಡ.

ಇಲ್ಲಿ ಬಂದು ಜಿಪಿ ಪತ್ರ ಬರೆಯುವಾಗ ಆಸ್ಪತ್ರೆಯನ್ನು ಆರಿಸಿಕೊಳ್ಳುವ ಹಕ್ಕು ನಿನಗಿದೆ. ಕರುಳಿಗೆ ಅಂಟಿದ ಆಳದ ಕಾಯಿಲೆಗೆಂದೇ ಬಿಎಸ್‌ಜಿಇ ಎಂಬ ತಜ್ಞರ ಸಂಘ ಮಾನ್ಯ ಮಾಡಿದ ಕೇಂದ್ರಗಳಿವೆ. ಹತ್ತಿರದ್ದು ಯಾವುದೆಂದು ನೋಡಿಕೊಂಡು ಹೆಸರು ಹಿಡಿದೇ ಕೇಳು.

ಫೈಲು. ಎಂಆರ್‌ಐ ಸಿಡಿ, ಸ್ಕ್ಯಾನ್ ವರದಿಗಳು, ಎಎಂಎಚ್, ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಕೈಚೀಲದಲ್ಲಿ ಇಟ್ಟುಕೋ, ಲಗೇಜಿಗೆ ಹಾಕಬೇಡ. ಡೈನೋಜೆಸ್ಟ್ ಮೂರು ತಿಂಗಳಿಗಾಗುವಷ್ಟು ತಾ, ಡಾಕ್ಟರ ಪತ್ರವೂ ಜೊತೆಗಿರಲಿ. ನಮ್ಮಲ್ಲಿಯ ಬ್ರಾಂಡ್ ಹೆಸರು ಇಲ್ಲಿ ಯಾರಿಗೂ ತಿಳಿಯುವುದಿಲ್ಲ, ಔಷಧಿಯ ಮೂಲ ಹೆಸರನ್ನೇ ಬರೆಸಿಕೋ. ನಾವೆಲ್ಲ ಸೂಟ್‌ಕೇಸಿನ ಮೂಲೆಯಲ್ಲಿ ತುರುಕಿ ತರುತ್ತಿದ್ದ ಮುಟ್ಟಿನ ನೋವಿನ ಮಾತ್ರೆ ಮೆಫ್ಟಾಲ್ ಸ್ಪಾಸ್ ಇದೆಯಲ್ಲ, ಅದರಲ್ಲಿರುವ ಮೆಫೆನಾಮಿಕ್ ಆಸಿಡ್ ಇಲ್ಲಿ ಚೀಟಿಯಿಲ್ಲದೆ ಸಿಗುವುದಿಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿ ತರುತ್ತದೆಂದು ಭಾರತದ ಔಷಧ ಆಯೋಗವೇ 2023ರ ಕೊನೆಯಲ್ಲಿ ಎಚ್ಚರಿಸಿದೆ, ಅದನ್ನು ಪೆಪ್ಪರಮೆಂಟಿನಂತೆ ನುಂಗುವ ಅಭ್ಯಾಸವಿದ್ದರೆ ಬಿಡು.

ಬಿಸಿನೀರಿನ ರಬ್ಬರ್ ಚೀಲ ತರಲೇ ಎಂದು ಕೊನೆಯಲ್ಲಿ ಕೇಳಿದ್ದೀಯ. ಬೇಡ. ಈ ಚಳಿಯ ದೇಶದಲ್ಲಿ ಅದು ಪ್ರತಿ ಅಂಗಡಿಯಲ್ಲೂ ಇದೆ, ಉಣ್ಣೆಯ ಅಂಗಿ ಹಾಕಿದ್ದೂ ಸಿಗುತ್ತದೆ. ಓಮ ಮಾತ್ರ ಕಾಲು ಕೆಜಿ ತಾ, ಅರ್ಧ ನನಗೆ.