ಅಮೆರಿಕದ ಹುಡುಗ ಇಂಗ್ಲೆಂಡಿನಲ್ಲಿ ನಿಲ್ಲುತ್ತಾನಾ?

ಪ್ರಶ್ನೆ: ನನ್ನ ಅಕ್ಕನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಬೋರ್ನ್‌ಮತ್‌ಗೆ ಆಡುವ ಅಮೆರಿಕದ ಟೈಲರ್ ಆಡಮ್ಸ್ ಅಂದರೆ ಅವನಿಗೆ ಪ್ರಾಣ. ಇನ್ನೆರಡು ವರ್ಷದಲ್ಲಿ ಆಡಮ್ಸ್ ದೊಡ್ಡ ಕ್ಲಬ್ಬಿಗೆ ಹೋಗ್ತಾನೆ ಅಂತ ಪಣ ಕಟ್ಟುತ್ತಾನೆ. ಅಮೆರಿಕದ ಮಿಡ್‌ಫೀಲ್ಡರ್‌ಗಳು, ಅಂದರೆ ಮೈದಾನದ ನಡುವೆ ಆಡುವವರು, ಇಂಗ್ಲೆಂಡಿನಲ್ಲಿ ಬಾಳಿಕೆ ಬರುವುದಿಲ್ಲ ಅಂತ ನನ್ನ ವಾದ. ಯಾರ ಮಾತು ಸರಿ, ಸಾರ್?
– ಓದುಗರೊಬ್ಬರು, ಗದಗ

ಉತ್ತರ: ‘ಬಾಳಿಕೆ’ ಅಂದಿರಲ್ಲ, ಅದು ಸರಿಯಾದ ಮಾತು. ಆದರೆ ಅದಕ್ಕೂ ಅಮೆರಿಕದ ಪಾಸ್‌ಪೋರ್ಟಿಗೂ ಸಂಬಂಧ ಇಲ್ಲ. ಆಡಮ್ಸ್ ಎಷ್ಟು ವರ್ಷ ಅಲ್ಲಿ ಆಡುತ್ತಾನೆ ಅನ್ನುವುದು ಅವನ ತೊಡೆಯ ಹಿಂಭಾಗಕ್ಕೆ ಬಿಟ್ಟದ್ದು. ಹ್ಯಾಮ್‌ಸ್ಟ್ರಿಂಗ್ ಅಂತಾರಲ್ಲ, ಆ ಸ್ನಾಯು.

ಮೊದಲು ಅವನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಆಡಮ್ಸ್ ಗೋಲು ಹೊಡೆಯಲು ಇರುವ ಮಿಡ್‌ಫೀಲ್ಡರ್ ಅಲ್ಲ. ಡಿಫೆನ್ಸ್ ಮುಂದೆ ನಿಂತು ಎದುರಾಳಿಯ ದಾಳಿಯನ್ನು ಮೊಳಕೆಯಲ್ಲೇ ಚಿವುಟುವವನು. ಟಿವಿಯಲ್ಲಿ ಇಂಥವರು ಕಾಣುವುದು ಕಮ್ಮಿ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಮುಂದಿನ ಸಲ ಬೋರ್ನ್‌ಮತ್ ಪಂದ್ಯ ಬಂದಾಗ ಒಂದು ಹತ್ತು ನಿಮಿಷ ಚೆಂಡು ಬಿಟ್ಟು ಇವನೊಬ್ಬನನ್ನೇ ನೋಡಿ. ತನ್ನ ತಂಡ ಚೆಂಡು ಕಳೆದುಕೊಂಡ ಕೂಡಲೇ ಇವನು ಹಿಂದೆ ಓಡುವುದಿಲ್ಲ, ಮುಂದೆ ನುಗ್ಗುತ್ತಾನೆ. ಚೆಂಡು ಸಿಕ್ಕವನು ತಲೆ ಎತ್ತುವಷ್ಟರಲ್ಲಿ ಮೈಮೇಲೆ ಬಂದಿರುತ್ತಾನೆ. ಎತ್ತರ ಹೆಚ್ಚಿಲ್ಲ, ಐದು ಅಡಿ ಒಂಬತ್ತು ಇಂಚು. ಆದರೂ ಚೆಂಡು ಕಿತ್ತುಕೊಂಡು ಬರುತ್ತಾನೆ.

ಇದು ನ್ಯೂಯಾರ್ಕ್ ರೆಡ್ ಬುಲ್ಸ್ ಅಕಾಡೆಮಿಯಲ್ಲಿ ಕಲಿತ ವಿದ್ಯೆ. 2019ರ ಜನವರಿಯಲ್ಲಿ ಅದೇ ರೆಡ್ ಬುಲ್ ಕಂಪನಿಯ ಜರ್ಮನ್ ತಂಡ ಲೈಪ್‌ಜಿಗ್‌ಗೆ ಹೋದ. 2020ರ ಆಗಸ್ಟ್‌ನಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್, ಎದುರಿಗೆ ಅಟ್ಲೆಟಿಕೊ ಮ್ಯಾಡ್ರಿಡ್. 88ನೇ ನಿಮಿಷದಲ್ಲಿ ಇವನು ಹೊಡೆದ ಚೆಂಡು ಎದುರಾಳಿಗೆ ತಾಗಿ, ದಿಕ್ಕು ಬದಲಿಸಿ ಒಳಗೆ ಹೋಯಿತು. ಲೈಪ್‌ಜಿಗ್ 2-1ರಿಂದ ಗೆದ್ದಿತು. ನಿಮ್ಮ ಅಕ್ಕನ ಮಗ ಆ ಗೋಲಿನ ಕಥೆ ನಿಮಗೆ ಹತ್ತು ಸಲ ಹೇಳಿರಬೇಕು, ಅಲ್ವಾ?

2022ರಲ್ಲಿ ಇಂಗ್ಲೆಂಡಿನ ಲೀಡ್ಸ್ ತಂಡ ಸೇರಿದ. ಅಲ್ಲಿ ಕೋಚ್ ಜೆಸ್ಸಿ ಮಾರ್ಷ್, ನ್ಯೂಯಾರ್ಕಿನಲ್ಲಿ ಇವನನ್ನು ಬೆಳೆಸಿದವರೇ. ಆ ವರ್ಷದ ವಿಶ್ವಕಪ್‌ನಲ್ಲಿ 23ರ ಹುಡುಗ ಅಮೆರಿಕದ ನಾಯಕ. ನವೆಂಬರ್ 25ರಂದು ಇಂಗ್ಲೆಂಡ್ ವಿರುದ್ಧ 0-0. ಆ ರಾತ್ರಿ ನಾನು ಪೂರ್ತಿ ಕೂತು ನೋಡಿದೆ. ಇಂಗ್ಲೆಂಡಿನ ಮಿಡ್‌ಫೀಲ್ಡಿಗೆ ಉಸಿರಾಡಲು ಬಿಡಲಿಲ್ಲ ಈ ಹುಡುಗ.

2023ರ ಮಾರ್ಚ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಹೋಯಿತು. ಅವನ ಬೆಲೆ ತಿಳಿಯಬೇಕಾದರೆ ಮುಂದಿನ ತಿಂಗಳು ಲೀಡ್ಸ್‌ಗೆ ಏನಾಯಿತು ನೋಡಿ. ಕ್ರಿಸ್ಟಲ್ ಪ್ಯಾಲೇಸ್ ಐದು ಹೊಡೆಯಿತು, ಲಿವರ್‌ಪೂಲ್ ಆರು, ಬೋರ್ನ್‌ಮತ್ ನಾಲ್ಕು. ಏಪ್ರಿಲ್ ಒಂದೇ ತಿಂಗಳಲ್ಲಿ ಲೀಡ್ಸ್ 23 ಗೋಲು ತಿಂದಿತು. ಇಂಗ್ಲೆಂಡಿನ ಅತಿ ಮೇಲಿನ ಡಿವಿಷನ್ ಪ್ರೀಮಿಯರ್ ಲೀಗ್‌ನಲ್ಲಿ ಒಂದು ತಿಂಗಳಲ್ಲಿ ಅಷ್ಟು ಗೋಲು ಬೇರೆ ಯಾವ ತಂಡವೂ ತಿಂದಿರಲಿಲ್ಲ. ಕೊನೆಗೆ 19ನೇ ಸ್ಥಾನ, ಕೆಳಗಿನ ಡಿವಿಷನ್ನಿಗೆ ಇಳಿಯಿತು. ಎಲ್ಲಾ ತಪ್ಪೂ ಒಬ್ಬ ಹಾಫ್ (ಮಿಡ್‌ಫೀಲ್ಡರ್‌ಗೆ ನಮ್ಮ ಹಳೇ ಹೆಸರು) ಇಲ್ಲದ್ದಕ್ಕೇ ಅಂತ ನಾನು ಹೇಳುವುದಿಲ್ಲ. ಮಾರ್ಷ್ ಅವರನ್ನು ಫೆಬ್ರವರಿಯಲ್ಲೇ ತೆಗೆದಿದ್ದರು. ಆದರೆ ಡಿಫೆನ್ಸಿನ ಮುಂದೆ ಬೇಲಿ ಇರಲಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು.

ಆಗಸ್ಟ್‌ನಲ್ಲಿ ಬೋರ್ನ್‌ಮತ್ ಕೊಂಡಿತು. ಸೆಪ್ಟೆಂಬರ್‌ನಲ್ಲಿ ಸ್ಟೋಕ್ ವಿರುದ್ಧ ಲೀಗ್ ಕಪ್ ಪಂದ್ಯಕ್ಕೆ ಬದಲಿಯಾಗಿ ಇಳಿದ. ಮತ್ತೆ ಅದೇ ಸ್ನಾಯು. ಅಲ್ಲಿಂದ ಮಾರ್ಚ್‌ವರೆಗೆ ಹೊರಗೆ. ಆ ಇಡೀ ಸೀಸನ್ನಿನಲ್ಲಿ ಲೀಗ್‌ನಲ್ಲಿ ಆಡಿದ್ದು ಮೂರೇ ಪಂದ್ಯ. 2024ರ ಕೋಪಾ ಅಮೆರಿಕ ಅನ್ನುವ ದೇಶಗಳ ಟೂರ್ನಿ ಮುಗಿಸಿ ಬಂದ ಮೇಲೆ ಬೆನ್ನಿಗೆ ಆಪರೇಷನ್.

ಇದನ್ನು ಬರೆಯುವಾಗ ನನಗೆ ಕೈ ತಡೆಯುತ್ತದೆ. ನಾನು ಬೆಂಗಳೂರಿನಲ್ಲಿ ಒಂದು ಕಾರ್ಖಾನೆ ತಂಡಕ್ಕೆ ಎಂಟು ವರ್ಷ ಹಾಫ್ ಆಡಿದವನು. ಅಶೋಕನಗರದ ಸ್ಟೇಡಿಯಂನಲ್ಲಿ ಒಂದು ಸಂಜೆ ಬಲಗಾಲಿನ ಹಿಂದೆ ಯಾರೋ ಕಲ್ಲು ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಹತ್ತಿರ ಯಾರೂ ಇಲ್ಲ. ಹ್ಯಾಮ್‌ಸ್ಟ್ರಿಂಗ್ ಹರಿದರೆ ಹಾಗೇ ಆಗುತ್ತದೆ. ಹದಿನಾರನೇ ದಿನಕ್ಕೆ ಸ್ಪ್ರೇ ಹೊಡೆದು, ಬ್ಯಾಂಡೇಜ್ ಬಿಗಿದು ಮತ್ತೆ ಇಳಿಸಿದರು. ನಾನೂ ಬೇಡ ಅನ್ನಲಿಲ್ಲ, ನನಗೂ ಆಡುವ ಆಸೆ. ಇಪ್ಪತ್ತು ನಿಮಿಷಕ್ಕೆ ಮತ್ತೆ ಹರಿಯಿತು. ಆಮೇಲೆ ನನ್ನ ಓಟ ಮೊದಲಿನಂತೆ ಆಗಲೇ ಇಲ್ಲ. ನೋವು ಹೋಗುತ್ತದೆ, ಭಯ ಹೋಗುವುದಿಲ್ಲ. ಚೆಂಡಿಗೆ ಕಾಲು ಚಾಚಬೇಕಾದ ಕಡೆ ಅರ್ಧ ಹೆಜ್ಜೆ ಹಿಂದೆ ಉಳಿಯುತ್ತೀರಿ. ಫಾರ್ವರ್ಡ್ ಆಗಿದ್ದರೆ ಆ ಅರ್ಧ ಹೆಜ್ಜೆಯನ್ನು ಬುದ್ಧಿಯಿಂದ ಮುಚ್ಚಿಕೊಳ್ಳಬಹುದು. ಹಾಫ್‌ಗೆ ಸಾಧ್ಯವಿಲ್ಲ, ಅವನ ಕೆಲಸವೇ ಆ ಅರ್ಧ ಹೆಜ್ಜೆ.

ಅದಕ್ಕೇ 2024-25ರ ಆಡಮ್ಸ್ ನನಗೆ ಅಷ್ಟು ಖುಷಿ ಕೊಟ್ಟದ್ದು. ಬೆನ್ನು ವಾಸಿಯಾಗಿ ಬಂದವನು ಲೀಗ್‌ನಲ್ಲಿ 25ಕ್ಕೂ ಹೆಚ್ಚು ಪಂದ್ಯ ಆಡಿದ. ಕಾಲು ಚಾಚುವಾಗ ಹಿಂಜರಿಯಲಿಲ್ಲ. ಬೋರ್ನ್‌ಮತ್ 56 ಪಾಯಿಂಟ್ ತೆಗೆದು 9ನೇ ಸ್ಥಾನಕ್ಕೆ ಬಂತು. ಪ್ರೀಮಿಯರ್ ಲೀಗ್‌ನಲ್ಲಿ ಆ ತಂಡ ಹಿಂದೆಂದೂ ಇಷ್ಟು ಪಾಯಿಂಟ್ ತೆಗೆದಿರಲಿಲ್ಲ. ಹನ್ನೊಂದು ಸಾವಿರ ಚಿಲ್ಲರೆ ಜನ ಹಿಡಿಯುವ ಪುಟ್ಟ ಸ್ಟೇಡಿಯಂ ಅವರದು! ಆಗಿನ ಕೋಚ್ ಅಂದೋನಿ ಇರಾವೋಲಾ ಆಡಿಸುತ್ತಿದ್ದುದೂ ಎದುರಾಳಿಯ ಮೇಲೆ ಬಿದ್ದು ಚೆಂಡು ಕಿತ್ತುಕೊಳ್ಳುವ ಆಟವನ್ನೇ. ಚಿಕ್ಕಂದಿನಿಂದ ಕಲಿತದ್ದನ್ನೇ ಆಡಿ ಅನ್ನುವ ಕೋಚ್ ಸಿಗುವುದು ಪುಣ್ಯ.

ಈಗ ನಿಮ್ಮ ಪಣಕ್ಕೆ ಬರೋಣ. ದೊಡ್ಡ ಕ್ಲಬ್ ಅಂತ ನಿಮ್ಮ ಅಕ್ಕನ ಮಗ ಹೇಳುತ್ತಿರುವುದು ಆರ್ಸೆನಲ್, ಮ್ಯಾಂಚೆಸ್ಟರ್ ಸಿಟಿ ಥರದವು ಆಗಿದ್ದರೆ, ನನಗೆ ನಂಬಿಕೆ ಇಲ್ಲ. ಅಂಥ ತಂಡಗಳು ಪಂದ್ಯದ ಬಹುಪಾಲು ಹೊತ್ತು ಚೆಂಡನ್ನು ತಾವೇ ಇಟ್ಟುಕೊಳ್ಳುತ್ತವೆ. ಅಲ್ಲಿ ಹಾಫ್ ಆದವನು ಹತ್ತು ಜನರ ಗೋಡೆ ಸೀಳುವ ಪಾಸ್ ಕೊಡಬೇಕು. ಆಡಮ್ಸ್ ಪಾಸ್ ಅಚ್ಚುಕಟ್ಟು, ಆದರೆ ಜಾಸ್ತಿ ಅಡ್ಡಕ್ಕೆ ಹೋಗುತ್ತದೆ. ಈ ವಯಸ್ಸಿಗೆ ಆ ಗುಣ ಹೊಸದಾಗಿ ಬರುವುದು ಕಷ್ಟ. ಬೋರ್ನ್‌ಮತ್ ಥರದ ಕ್ಲಬ್ಬಿನಲ್ಲಿ ಇನ್ನು ನಾಲ್ಕು ವರ್ಷ ಅವನು ಕಂಬದ ಹಾಗೆ ನಿಲ್ಲಬಲ್ಲ. 2025-26ಕ್ಕೆ ಅವನ ಕೆಲಸವೂ ಹೆಚ್ಚಾಯಿತು. ಡಿಫೆಂಡರ್‌ಗಳಾದ ಹುಯ್ಸೆನ್ ರಿಯಲ್ ಮ್ಯಾಡ್ರಿಡ್‌ಗೆ, ಕೆರ್ಕೆಜ್ ಲಿವರ್‌ಪೂಲ್‌ಗೆ ಹೋದರು, ಇವನ ಬೆನ್ನ ಹಿಂದಿನ ಡಿಫೆನ್ಸ್ ಹೊಸದಾಯಿತು. ಜೊತೆಗೆ 2026ರಲ್ಲಿ ಅವನದೇ ನೆಲದಲ್ಲಿ ವಿಶ್ವಕಪ್. ಎರಡನ್ನೂ ಆ ಸ್ನಾಯು ತಡೆಯಬೇಕು.

ಹಾಗಂತ ನೀವೂ ಗೆಲ್ಲುವುದಿಲ್ಲ. ಅಮೆರಿಕದವನೇ ಆದ ಜಾನ್ ಹಾರ್ಕ್ಸ್ 1990ರಲ್ಲೇ ಶೆಫೀಲ್ಡ್ ವೆಡ್ನೆಸ್‌ಡೇ ಸೇರಿ, ಮರುವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ಸೋಲಿಸಿ ಲೀಗ್ ಕಪ್ ಎತ್ತಿದ. ಇನ್ನೊಬ್ಬ ಅಮೆರಿಕನ್ ಕ್ಲಿಂಟ್ ಡೆಂಪ್ಸಿ 2011-12ರಲ್ಲಿ ಫುಲಮ್‌ಗೆ ಲೀಗ್‌ನಲ್ಲೇ 17 ಗೋಲು ಹೊಡೆದ. ಉಳಿಯದವರ ಪೈಕಿ ನನ್ನನ್ನು ಕಾಡುವವನು ಸ್ಟುವರ್ಟ್ ಹೋಲ್ಡನ್. ಹುಟ್ಟಿದ್ದು ಸ್ಕಾಟ್ಲೆಂಡಿನ ಅಬರ್ಡೀನ್, ಬೆಳೆದದ್ದು ಟೆಕ್ಸಸ್. 2010ರ ಜನವರಿಯಲ್ಲಿ ಬೋಲ್ಟನ್ ಸೇರಿದ. ಮಾರ್ಚ್‌ನಲ್ಲಿ ಹಾಲೆಂಡ್ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ಕಾಲು ಮುರಿಯಿತು. ವಾಪಸ್ ಬಂದು 2010-11ರಲ್ಲಿ ಎಂಥಾ ಆಟ ಆಡಿದ! 2011ರ ಮಾರ್ಚ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಒಂದು ಟ್ಯಾಕಲ್, ಮಂಡಿ ಹೋಯಿತು. ಆದರೂ ಬೋಲ್ಟನ್ನಿನ ಆ ವರ್ಷದ ಆಟಗಾರ ಅವನೇ. ಆಮೇಲೆ ಚೇತರಿಸಿಕೊಂಡು ಬಂದ ಹಾಗೆಲ್ಲ ಮಂಡಿ ಕೈಕೊಟ್ಟಿತು. ಅವನಿಗೆ ಆಟ ಬರುತ್ತಿರಲಿಲ್ಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಅಮೆರಿಕದ ಆಟಗಾರರು ಸುಮ್ನೆ ನೇರವಾಗಿ ಇಂಗ್ಲೆಂಡಿಗೆ ಹೋಗದೆ ಜರ್ಮನಿ ಸುತ್ತಿಕೊಂಡು ಹೋಗುವುದೇಕೆ? ನನ್ನ ಮಗನಿಗೆ 14 ವರ್ಷ, ಮಿಡ್‌ಫೀಲ್ಡ್ ಆಡುತ್ತಾನೆ. ಅವನಿಗೂ ದಾರಿ ಇದೆಯೇ?
– ತಾಯಿಯೊಬ್ಬರು, ಮಂಗಳೂರು

ಉತ್ತರ: ವರ್ಕ್ ಪರ್ಮಿಟ್ ಕಾರಣ, ತಾಯಿ. ಇಂಗ್ಲೆಂಡಿನಲ್ಲಿ ಹಿಂದೆ ಯುರೋಪಿನ ಹೊರಗಿನವರಿಗೆ ನಿಯಮ ಬಿಗಿ ಇತ್ತು. ದೇಶದ ತಂಡ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕು, ಹಿಂದಿನ ಎರಡು ವರ್ಷದ ಪಂದ್ಯಗಳಲ್ಲಿ ಮುಕ್ಕಾಲು ಪಾಲು ಆಡಿರಬೇಕು. 2015ರಲ್ಲಿ ಈ ಲೆಕ್ಕ ಬದಲಾದರೂ ದೇಶದ ಪರ ಆಡಿದ ಪಂದ್ಯಗಳೇ ಮುಖ್ಯವಾಗಿದ್ದವು. ಹದಿನೆಂಟರ ಹುಡುಗ ಅಷ್ಟು ಪಂದ್ಯ ಎಲ್ಲಿಂದ ತರುತ್ತಾನೆ? ಜರ್ಮನಿಯಲ್ಲಿ ಇಷ್ಟು ಕಷ್ಟ ಇರಲಿಲ್ಲ. ಅಮೆರಿಕದ ಮೆಕೆನಿ ಜರ್ಮನಿಯ ಶಾಲ್ಕೆಗೆ, ಆಡಮ್ಸ್ ಲೈಪ್‌ಜಿಗ್‌ಗೆ ಹೋದದ್ದು ಹಾಗೆ. 2021ರಿಂದ ಇಂಗ್ಲೆಂಡಿನಲ್ಲಿ ಅಂಕದ ಲೆಕ್ಕ ಬಂದಿದೆ. ದೇಶದ ಪರ ಎಷ್ಟು ಆಡಿದ್ದಾನೆ, ಯಾವ ಲೀಗ್, ಯಾವ ಕ್ಲಬ್ ಅಂತ ನೋಡಿ 15 ಅಂಕ ಬಂದರೆ ಪರ್ಮಿಟ್.

ನಮ್ಮವರಿಗೆ ಇದರ ಪೆಟ್ಟು ಗೊತ್ತು. 2009ರಲ್ಲಿ ಸುನಿಲ್ ಛೆಟ್ರಿಯನ್ನು ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡ ಮೂರು ವರ್ಷಕ್ಕೆ ಒಪ್ಪಿಕೊಂಡಿತ್ತು. ಭಾರತ 70ರೊಳಗೆ ಇಲ್ಲ ಅಂತ ಪರ್ಮಿಟ್ ಸಿಗಲಿಲ್ಲ. ಮರುವರ್ಷ ಅವರು ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು. ಆಮೇಲೆ ಬೆಂಗಳೂರು ಎಫ್‌ಸಿಯಲ್ಲಿ ಅವರು ಆಡಿದ್ದನ್ನು ಕಂಠೀರವದಲ್ಲಿ ಕಣ್ಣಾರೆ ನೋಡಿದ ನಮಗೆ, ಆ ಬಾಗಿಲು ತೆರೆದಿದ್ದರೆ ಅನ್ನುವ ಸಂಕಟ ಈಗಲೂ ಇದೆ.

ನಿಮ್ಮ ಮಗನ ವಿಷಯ. 18 ತುಂಬುವವರೆಗೆ ವಿದೇಶಿ ಕ್ಲಬ್ಬಿಗೆ ವರ್ಗ ಆಗಲು ಫಿಫಾ ಸಾಮಾನ್ಯವಾಗಿ ಬಿಡುವುದಿಲ್ಲ. ಲಂಡನ್ನಿನಲ್ಲಿ ಟ್ರಯಲ್ ಕೊಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ಈಗ ಅವನಿಗೆ ಬೇಕಾದದ್ದು ವಾರಕ್ಕೊಂದು ಒಳ್ಳೆಯ ಪಂದ್ಯ, ಎರಡೂ ಕಾಲಿನಲ್ಲಿ ಪಾಸ್ ಅಭ್ಯಾಸ, ಹೊಟ್ಟೆ ತುಂಬ ಊಟ. ತೊಡೆ ಹಿಡಿದುಕೊಂಡಿದೆ ಅಂತ ಹೇಳಿದ ದಿನ ಮಾತ್ರ, ಎಂಥ ಫೈನಲ್ ಇದ್ದರೂ ಸರಿ, ಮನೆಯಲ್ಲೇ ಇಟ್ಟುಕೊಳ್ಳಿ.