ಭೂಮಿ ಎಷ್ಟು ಚಿಕ್ಕದು ಅಂತ ತೋರಿಸಲು ಥರ್ಮಾಕೋಲ್ ಮಾಡೆಲ್ಲಾ, ಚಾರ್ಟಾ?

ಮಗಳ ವಿಜ್ಞಾನ ಮೇಳಕ್ಕೆ ಇವೆರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಎರಡೂ ಬೇಡ.

ಕಲಬುರಗಿಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಾನೂ ಇದನ್ನೇ ಮಾಡಿದ್ದೆ. ಸೂಪರ್ ಮಾರ್ಕೆಟ್‌ನಲ್ಲಿ ಥರ್ಮಾಕೋಲ್ ಉಂಡೆ ತಂದು, ಬಣ್ಣ ಬಳಿದು, ಪ್ಲೈವುಡ್ ಮೇಲೆ ಸಾಲಾಗಿ ಚುಚ್ಚಿದೆ. ಸೂರ್ಯ ಒಂದು ಅಡಿ, ಭೂಮಿ 5 ಸೆಂ.ಮೀ. ನೋಡಲು ಭಾರಿ ಚಂದ ಇತ್ತು. ತೀರ್ಪು ಕೊಡಲು ಬಂದ ಸರ್ ಕೇಳಿದರು: "ಭೂಮಿ ಇಷ್ಟಿದ್ದರೆ ಸೂರ್ಯ ಎಷ್ಟಿರಬೇಕು? ಎಲ್ಲಿರಬೇಕು?" ಬಾಯಿ ಕಟ್ಟಿಹೋಯಿತು. ಜಿಲ್ಲಾ ಮಟ್ಟಕ್ಕೆ ನನ್ನ ಮಾಡೆಲ್ ಹೋಗಲಿಲ್ಲ.

ತಪ್ಪು ಏನು ಅಂದರೆ, ಭೂಮಿಗೆ ಒಂದು ಅಳತೆ, ಸೂರ್ಯನಿಗೆ ಇನ್ನೊಂದು, ದೂರಕ್ಕಂತೂ ಅಳತೆಯೇ ಇಲ್ಲ. ಭೂಮಿಯ ಅಡ್ಡಳತೆ 12,742 ಕಿ.ಮೀ. ಸೂರ್ಯನದು ಅದರ 109 ಪಟ್ಟು. ಅಂದರೆ ನನ್ನ ಸೂರ್ಯ 5 ಮೀಟರ್‌ಗಿಂತ ಜಾಸ್ತಿ ಇರಬೇಕಿತ್ತು. ಸೂರ್ಯ ನಮ್ಮಿಂದ 15 ಕೋಟಿ ಕಿ.ಮೀ. ದೂರ. ನನ್ನ ಮಾಡೆಲ್‌ನಲ್ಲಿ ಅದು ಸುಮಾರು 590 ಮೀಟರ್ ಆಗಬೇಕು. ಹಲಗೆ ಬಿಡಿ, ಶಾಲೆಯ ಕಂಪೌಂಡೇ ಸಾಲುತ್ತಿರಲಿಲ್ಲ. ಬಹುಮಾನ ಹೋಗಿದ್ದಕ್ಕಿಂತ ಜಾಸ್ತಿ ಸಂಕಟ ಬೇರೆ. ನೋಡಿದ ಚಿಕ್ಕ ಮಕ್ಕಳೆಲ್ಲ ಗ್ರಹಗಳು ಒಂದರ ಪಕ್ಕ ಒಂದು ಇರುತ್ತವೆ ಅಂದುಕೊಂಡು ಮನೆಗೆ ಹೋದರು.

ಉಂಡೆ ಪಕ್ಕ ಉಂಡೆ ಇಟ್ಟು ಭೂಮಿ ಚಿಕ್ಕದು ಅಂತ ತೋರಿಸಲು ಆಗಲ್ಲ. ಅದು ಗೊತ್ತಾಗುವುದು ದೂರದಿಂದ. 1990ರಲ್ಲಿ ನಾಸಾದ ಬಾಹ್ಯಾಕಾಶ ನೌಕೆ ವಾಯೇಜರ್-1 ಸುಮಾರು 600 ಕೋಟಿ ಕಿ.ಮೀ. ಆಚೆಯಿಂದ ತೆಗೆದ ಫೋಟೋದಲ್ಲಿ ಭೂಮಿ ಒಂದು ಪಿಕ್ಸೆಲ್ ಕೂಡ ಇಲ್ಲ.

ಆಳಂದ ಕಡೆಯವರು ಅಂತ ಬರೆದಿದ್ದೀರಿ. ಮನೆಯಲ್ಲಿ ತೊಗರಿಗೇನು ಬರ? 5 ಮಿ.ಮೀ. ಇರುವ ಒಂದು ಕಾಳು ಆರಿಸಿ. ಅದೇ ಭೂಮಿ. 15 ಸೆಂ.ಮೀ. ದೂರದಲ್ಲಿ ಒಂದು ಸಣ್ಣ ಸಾಸಿವೆ ಇಡಿ, ಅದು ಚಂದ್ರ. ರಟ್ಟಿನಲ್ಲಿ 55 ಸೆಂ.ಮೀ. ಅಗಲದ ಸೂರ್ಯನನ್ನು ಕತ್ತರಿಸಿ 59 ಮೀಟರ್ ದೂರದಲ್ಲಿ ಯಾರಾದರೂ ಹಿಡಿದು ನಿಲ್ಲಲಿ. ನೆಪ್ಚೂನ್‌ಗೆ ಒಂದು ಗೋಲಿ ಸಾಕು, ಆದರೆ ಸೂರ್ಯನಿಂದ ಒಂದೂ ಮುಕ್ಕಾಲು ಕಿ.ಮೀ. ನಡೆಯಬೇಕು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಇದೇ ಅಳತೆಯಲ್ಲಿ ಅದು 15 ಸಾವಿರ ಕಿ.ಮೀ.ಗಿಂತ ಆಚೆ! ಕಲಬುರಗಿಯಲ್ಲಿ ನೆಲ ಕೊರೆದು ಭೂಮಿಯ ಆ ಬದಿಗೆ ಹೊರಬಂದರೂ ಅಷ್ಟು ದೂರ ಆಗಲ್ಲ. ಇಂಥ ನಕ್ಷತ್ರಗಳು ನಮ್ಮ ಗ್ಯಾಲಕ್ಸಿಯಾದ ಕ್ಷೀರಪಥ ಒಂದರಲ್ಲೇ ಕಡಿಮೆ ಅಂದರೂ 10 ಸಾವಿರ ಕೋಟಿ ಇವೆ.

ಹಾಗಾಗಿ ಮೇಳದ ಟೇಬಲ್ ಮೇಲೆ ತೊಗರಿ, ಸಾಸಿವೆ ಇಷ್ಟೇ ಇರಲಿ. ಉಳಿದಿದ್ದನ್ನು ಮಗಳು ನೋಡುವವರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ತೋರಿಸಲಿ. ಲೆಕ್ಕ ಅವಳೇ ಮಾಡಲಿ, ನೀವು ಮಾಡಿಕೊಡಬೇಡಿ. ತೀರ್ಪುಗಾರರು ಕೇಳುವುದು ಅವಳನ್ನೇ.