ಹಡಗಿಗೆ ಒಬ್ಬರೇ ಹೋದರೆ ಏನಾಯ್ತು, ಅಕ್ಕೋರೆ?

ಸಿಂಧನೂರಿನ ಓದುಗರೊಬ್ಬರು ಬರೆದ ಪತ್ರ, ಸ್ವಲ್ಪ ಚಿಕ್ಕದು ಮಾಡಿ:

"ನನಗೆ 52. ಪ್ರೈಮರಿ ಶಾಲೆಯಲ್ಲಿ ಟೀಚರ್. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಮಗಳು ಬೆಂಗಳೂರಿನಲ್ಲಿದ್ದಾಳೆ. ಕ್ರೂಸ್ ಹಡಗಿನಲ್ಲಿ ಮೂರ್ನಾಲ್ಕು ದಿನ ಇದ್ದು ಬರುವ ಆಸೆ. ಇಲ್ಲಿಯವರೆಗೆ ಹತ್ತಿದ್ದು ಆನೆಗುಂದಿಯ ಹರಿಗೋಲು ಮಾತ್ರ. 'ಅಕ್ಕಾ, ಕಾಶಿಗೆ ಹೋಗ್ತೀನಂದ್ರ ನಾನೇ ಟಿಕೆಟ್ ತೆಗಸ್ತೀನಿ, ಹಡಗ ಯಾಕ ಬೇಕು' ಅಂತಾನೆ ತಮ್ಮ. ಏಜೆಂಟ್ ಒಬ್ಬಳಿಗೆ ಇಬ್ಬರ ದುಡ್ಡು ಕೇಳುತ್ತಾನೆ. ಊಟಕ್ಕೆ ಒಬ್ಬಳೇ ಹೇಗೆ ಕೂರಲಿ? ಸೀರೆ ಉಡಲೋ, ಚೂಡಿದಾರ್ ಹಾಕಲೋ?"

ಅಕ್ಕೋರೆ, ನಿಮ್ಮ ಶಾಲೆಯ ಮಕ್ಕಳು ಕರೆಯುವ ಹಾಗೆಯೇ ಕರೆಯುತ್ತಿದ್ದೇನೆ.

ಮೊದಲು ತಮ್ಮನ ಮಾತು. ಅವರು ಕೆಟ್ಟವರಲ್ಲ. ಆದರೆ ನಮ್ಮಲ್ಲಿ ಐವತ್ತು ದಾಟಿದ ಹೆಂಗಸು ದೇವರ ಹೆಸರು ಹೇಳಿ ಎಷ್ಟು ದೂರ ಬೇಕಾದರೂ ಹೋಗಬಹುದು. ಸುಮ್ನೆ ಸಮುದ್ರ ನೋಡ್ತೀನಿ ಅಂದರೆ ಮಾತ್ರ ಮನೆಯವರಿಗೆ ಗಾಬರಿ. ನಾನು 49ನೇ ವಯಸ್ಸಿನಲ್ಲಿ ಒಬ್ಬಳೇ ಹಡಗಿಗೆ ಹೋದಾಗ ನಮ್ಮ ಅತ್ತೆ ಕೇಳಿದ್ದೂ ಒಂದೇ ಪ್ರಶ್ನೆ: "ಯಾವ ಗುಡಿ ಐತಿ ಅಲ್ಲಿ?"

ಇನ್ನು ದುಡ್ಡು. ಏಜೆಂಟ್ ಮೋಸ ಮಾಡುತ್ತಿಲ್ಲ. ಒಂದು ಕೋಣೆಗೆ ಇಬ್ಬರು ಅಂತ ಹಿಡಿದೇ ಹಡಗಿನವರು ದರ ಹಾಕುತ್ತಾರೆ. ಒಬ್ಬರೇ ಬಂದರೆ ಒಂದೂವರೆ ಪಟ್ಟು, ಕೆಲವು ಸಲ ಪೂರ್ತಿ ಎರಡು ಪಟ್ಟು. 2010ರಲ್ಲಿ ಬಂದ ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ ಒಂಟಿ ಪ್ರಯಾಣಿಕರಿಗೆ ಅಂತಲೇ 128 ಪುಟ್ಟ ಕೋಣೆ ಮಾಡಿದರು. ಆದರೆ ಅದು ಹೊರದೇಶದ ಮಾತು. ನೀವು ಒಂದು ಕೆಲಸ ಮಾಡಿ: ಬಿಲ್ಲನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಕೋಣೆಯ ಬಾಡಿಗೆ ಎರಡು ಪಟ್ಟು ಇರಲಿ, ಬಂದರಿನ ಶುಲ್ಕ ತಲೆಗೆ ಇಷ್ಟು ಅಂತ ಇರುತ್ತದೆ. ಬಾರದೇ ಇದ್ದವರ ತಲೆಗೂ ಹಿಡಿದಿದ್ದರೆ ಜಗಳ ಆಡಿ. ದುಡ್ಡು ಉಳಿಸಲು ಯಾರನ್ನೋ ಜೊತೆಗೆ ಕಟ್ಟಿಕೊಂಡು ಹೋಗಬೇಡಿ. ಮೂರು ರಾತ್ರಿ ಅವರ ಗೊರಕೆ ಕೇಳುವುದಕ್ಕಿಂತ ಖಾಲಿ ಹಾಸಿಗೆಗೆ ದುಡ್ಡು ಕೊಡುವುದೇ ಲೇಸು.

ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು ಹೋಗಿಬರುತ್ತದೆ. 1990ರ ಹಡಗು, ಹೊಸದೇನಲ್ಲ. ಮೊದಲ ಸಲಕ್ಕೆ ಎರಡು-ಮೂರು ರಾತ್ರಿಯ ಪ್ರಯಾಣ ಸಾಕು. ಶನಿವಾರ, ಭಾನುವಾರ ಬಿಟ್ಟು ನೋಡಿ, ಡಿಜೆ ಗಲಾಟೆ ಕಡಿಮೆ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್ ಅರಬ್ಬಿ ಸಮುದ್ರದ ಸಹವಾಸ ಬೇಡ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಅದನ್ನು ಯಾರು ಮಾಡಿಸುತ್ತಾರೆ ಅಂತ ಮುಂಚೆಯೇ ಕೇಳಿಕೊಳ್ಳಿ.

ಕೋಣೆ ಹಡಗಿನ ನಡುವೆ, ಕೆಳಗಿನ ಅಂತಸ್ತಿನಲ್ಲಿ ಸಿಕ್ಕರೆ ಒಳ್ಳೆಯದು. ಲಿಂಗಸುಗೂರು ಬಸ್ಸಿನಲ್ಲಿ ಹಿಂದಿನ ಸೀಟಿಗೂ ನಡುವಿನ ಸೀಟಿಗೂ ಇರುವ ವ್ಯತ್ಯಾಸ ಗೊತ್ತಲ್ವಾ? ಅದೇ ಲೆಕ್ಕ ಇಲ್ಲೂ.

ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ. ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಹತ್ತಿರವೇ. ಆದರೆ ಒಂದು ದಿನ ಮುಂಚೆಯೇ ಮುಂಬೈ ಸೇರಿಕೊಳ್ಳಿ. ರೈಲು ತಡವಾಯಿತು ಅಂತ ಹಡಗು ಕಾಯುವುದಿಲ್ಲ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ದೊಡ್ಡ ಬ್ಯಾಗನ್ನು ಬಂದರಿನಲ್ಲೇ ತೆಗೆದುಕೊಂಡು, ಆಮೇಲೆ ಕೋಣೆಗೆ ತಲುಪಿಸುತ್ತಾರೆ. ನನ್ನ ಬಿಪಿ ಮಾತ್ರೆ ಅದರೊಳಗಿತ್ತು. ರಾತ್ರಿ ಎಂಟೂವರೆವರೆಗೆ ಬಾಗಿಲು ಕಾಯುತ್ತಾ ಕೂತೆ. ಅಷ್ಟರಲ್ಲಿ ದಡ ಕಣ್ಮರೆಯಾಗಿತ್ತು. ನೋಡಬೇಕೆಂದು ಬಂದಿದ್ದೇ ಅದನ್ನು! ಮಾತ್ರೆ, ಆಧಾರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಶೇಂಗಾ ಹೋಳಿಗೆ ಕಟ್ಟಿಕೊಳ್ಳಬೇಡಿ, ಮನೆಯಲ್ಲಿ ಮಾಡಿದ್ದನ್ನು ಒಳಗೆ ಬಿಡದ ಹಡಗುಗಳೇ ಜಾಸ್ತಿ. ಹತ್ತಿದ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ನೆಟ್‌ವರ್ಕ್ ಹಿಡಿದು ಬಿಲ್ ಏರಿಸಿಬಿಡುತ್ತದೆ.

ಹಡಗು ಹೊರಡುವ ಹೊತ್ತಿಗೆ ಅಪಾಯದಲ್ಲಿ ಎಲ್ಲಿ ಸೇರಬೇಕು ಅಂತ ತೋರಿಸುತ್ತಾರೆ. ತಪ್ಪಿಸಬೇಡಿ. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆವತ್ತೇ ಹತ್ತಿದವರಲ್ಲಿ ಎಷ್ಟೋ ಜನರಿಗೆ ಆ ಪಾಠ ಇನ್ನೂ ಆಗಿರಲಿಲ್ಲ. ಜೊತೆಗೆ ಯಾರಾದರೂ ಇದ್ದರೆ ಕೈ ಹಿಡಿದು ಎಳೆದಾರು. ಒಬ್ಬರೇ ಇದ್ದಾಗ ದಾರಿ ನಮಗೇ ಗೊತ್ತಿರಬೇಕು.

ಊಟದ ಭಯ ನನಗೂ ಇತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಯಾರು ಅಂತ ಯಾರೂ ಕೇಳುವುದಿಲ್ಲ, ಮೇಜಿನ ಮುಂದೆ ಮಾತ್ರ ಎದುರಿನ ಖಾಲಿ ಕುರ್ಚಿ ಕಣ್ಣಿಗೆ ಚುಚ್ಚುತ್ತದೆ. ಮೊದಲ ರಾತ್ರಿ ಬೇಗ ಬೇಗ ನುಂಗಿ ಎದ್ದೆ. ಮರುದಿನ ಬಡಿಸುವ ಹುಡುಗನಿಗೆ, "ನಾಲ್ಕಾರು ಜನರ ಮೇಜಿಗೆ ಹಾಕಪ್ಪ" ಅಂದೆ. ಸೊಲ್ಲಾಪುರದ ಅತ್ತಿಗೆ-ನಾದಿನಿ ಸಿಕ್ಕರು, ಮಾತಿಗೆ ಮಾತು ಬೆಳೆಯಿತು. ಮೂರನೇ ಬೆಳಿಗ್ಗೆ ಅವರ ಕಣ್ಣು ತಪ್ಪಿಸಿ, ಕಿಟಕಿಯ ಪಕ್ಕ ಒಬ್ಬಳೇ ಕೂತು ಎರಡು ಕಪ್ ಚಹಾ ಕುಡಿದೆ.

ಸೀರೆಯೋ ಚೂಡಿದಾರೋ ಅಂದಿರಲ್ಲ? ಎರಡೂ ನಡೆಯುತ್ತದೆ. ಮೇಲಿನ ಡೆಕ್ಕಿನಲ್ಲಿ ಗಾಳಿ ಮಾತ್ರ ಬಲು ಜೋರು. ಸೀರೆಯಾದರೆ ನಾಲ್ಕು ಪಿನ್ನು ಜಾಸ್ತಿ ಇಟ್ಟುಕೊಳ್ಳಿ.